ಕೊಟ್ಟಿಗೆಯ ಚಾಕರಿಯೂ ಮನಸ್ಸಿನ ನೆಮ್ಮದಿಯೂ

ಮಾನ್ಯ ಸಂಪಾದಕರಿಗೆ,

ವಿಶ್ವಸಂಸ್ಥೆಯು 2024ರ ಡಿಸೆಂಬರಿನಲ್ಲಿ ಗೊತ್ತುವಳಿ ಅಂಗೀಕರಿಸಿ ಪ್ರತಿವರ್ಷದ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿದ ಮೇಲೆ, ನಮ್ಮ ಶಿರಸಿ, ಸಿದ್ದಾಪುರದ ಕಡೆಯಲ್ಲೂ ಧ್ಯಾನ, ಏಕಾಗ್ರತೆ, ಒತ್ತಡ ನಿವಾರಣೆಯ ಮಾತು ಮೊದಲಿಗಿಂತ ಹೆಚ್ಚು ಕೇಳಿಬರುತ್ತಿದೆ. ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಪದವೂ ಈಗ ಹಳ್ಳಿಯ ಜಗಲಿಗಳಿಗೆ ಹೊಸದಲ್ಲ. ಬೌದ್ಧರು ಪಾಳಿಯಲ್ಲಿ ‘ಸತಿ’ ಎಂದು ಕರೆದದ್ದನ್ನು ಜಾನ್ ಕಬಟ್‌ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗೆ ಕಲಿಸಬಹುದಾದ ಅಭ್ಯಾಸವಾಗಿ ರೂಪಿಸಿದರು ಎಂಬುದನ್ನೂ, ನಮ್ಮ ಭಾಷೆಯಲ್ಲಿ ಅದಕ್ಕೆ ‘ಅವಧಾನ’ ಎಂಬ ಸೊಗಸಾದ ಮಾತು ಮೊದಲಿನಿಂದಲೂ ಇದೆ ಎಂಬುದನ್ನೂ ಬಲ್ಲವರು ಹೇಳುತ್ತಾರೆ. ಇವೆಲ್ಲ ಒಳ್ಳೆಯದೇ. ಆದರೆ ಇದೇ ಅವಧಾನವನ್ನು ಹಗಲಿರುಳೂ ನಮ್ಮಿಂದ ಕೇಳಿ ಪಡೆಯುವ ಜೀವಗಳು ನಮ್ಮ ಮನೆಯಂಗಳದಲ್ಲೇ ಇವೆಯೆಂಬುದನ್ನು ಯಾರೂ ಹೇಳುತ್ತಿಲ್ಲವೆಂದು ನನಗೆ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾರವಾರದಲ್ಲಿ ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾಗಿ, ಆರು ವರ್ಷಗಳ ಹಿಂದೆ ಶಿರಸಿ ತಾಲ್ಲೂಕಿನ ನನ್ನ ಹುಟ್ಟೂರಿಗೆ ಮರಳಿದವನು. ಬಂದ ವರ್ಷವೇ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಹತ್ತಿತು. ಅಮ್ಮ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದರು. ಅವರು ಐವತ್ತು ವರ್ಷಗಳಿಂದ ನಡೆಸಿಕೊಂಡು ಬಂದ ಕೊಟ್ಟಿಗೆ ಚಾಕರಿ ನನ್ನ ಪಾಲಿಗೆ ಬಂತು. ಕೊಟ್ಟಿಗೆಯಲ್ಲಿದ್ದದ್ದು ಎರಡು ಮಲೆನಾಡು ಗಿಡ್ಡ ಹಸುಗಳು, ಒಂದು ಕರು. ಒಂದು ಮೀಟರ್ ಎತ್ತರವೂ ಇರದ, ಬೆಟ್ಟದಲ್ಲಿ ತಾವೇ ಮೇಯ್ದು ಸಂಜೆ ತಾವೇ ಮನೆಗೆ ಬರುವ ಈ ತಳಿಯ ಹಸುಗಳು ಹೊತ್ತಿಗೆ ಒಂದು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಬಾಲ್ಯದಲ್ಲಿ ಹಾಲು ಕರೆದು ರೂಢಿಯಿದ್ದ ನನಗೆ ಅದೊಂದು ದೊಡ್ಡ ಕೆಲಸವೆಂದು ತೋರಲಿಲ್ಲ.

ಆದರೆ ಅವುಗಳಲ್ಲಿ ಕರೆಯುವ ಹಸು ಕೌಲಿ ಎಂಟು ದಿನ ನನಗೆ ಹಾಲು ಕೊಡಲಿಲ್ಲ. ಒದೆಯಲಿಲ್ಲ, ಹಾಯಲಿಲ್ಲ, ಬರಿದೆ ಸೊರೆ ಬಿಡಲಿಲ್ಲ. ಕರು ಬಿಟ್ಟೆ, ಬಿಸಿನೀರಿನಿಂದ ಕೆಚ್ಚಲು ತೊಳೆದೆ, ಬೆರಳಿಗೆ ಬೆಣ್ಣೆ ಸವರಿಕೊಂಡೆ, ಅಕ್ಕಚ್ಚಿಗೆ ಒಂದು ಹಿಡಿ ಹಿಂಡಿ ಹೆಚ್ಚು ಹಾಕಿದೆ. ಕೆಚ್ಚಲು ತುಂಬಿರುವುದು ಕೈಗೆ ತಿಳಿಯುತ್ತಿತ್ತು, ತಂಬಿಗೆಗೆ ಮಾತ್ರ ನಾಲ್ಕು ಹನಿ. ಒಳಗೆ ಮಲಗಿದ್ದಲ್ಲಿಂದಲೇ ಅಮ್ಮ ಕೇಳಿದರು: “ಮೊಬೈಲು ಕಿಸೆಲ್ಲಿದ್ದನಾ?” ಇತ್ತು. ಅಡಿಕೆಯ ಧಾರಣೆ ಎಷ್ಟಾಯಿತು, ಔಷಧಿ ಹೊಡೆಯುವ ಕೊನೆಗೌಡ ಬರುತ್ತಾನೋ ಇಲ್ಲವೋ, ಬೆಂಗಳೂರಿನಲ್ಲಿರುವ ಮಗನ ಸಂದೇಶ ಬಂತೋ ಎಂದು ಎರಡು ನಿಮಿಷಕ್ಕೊಮ್ಮೆ ಅದು ಕಿಸೆಯಲ್ಲಿ ಕಂಪಿಸುತ್ತಿತ್ತು. ಪ್ರತಿಸಲವೂ ನನ್ನ ಕೈ ಕೆಚ್ಚಲ ಮೇಲೆಯೇ ಒಂದು ಗಳಿಗೆ ಬಿಗಿಯುತ್ತಿತ್ತು. ಅಮ್ಮ ಮತ್ತೊಂದು ಮಾತು ಹೇಳಿದರು: “ಕೈ ಬೆಚ್ಚಗಿದ್ರೆ ಸಾಲ್ತಿಲ್ಲೆ, ಮನಸ್ಸು ತಂಪಿರವು.”

ಒಂಬತ್ತನೆಯ ದಿನ ಫೋನನ್ನು ಒಳಗಿಟ್ಟು, ಮಣೆ ಹಾಕಿಕೊಂಡು, ಕರೆಯುವ ಮೊದಲು ಸುಮ್ಮನೆ ಅದರ ಹೊಟ್ಟೆಗೆ ಹಣೆ ಒತ್ತಿ ಕುಳಿತೆ. ಹಸುವಿನ ಉಸಿರು ನಿಧಾನ. ಪಕ್ಕೆ ಉಬ್ಬಿ ಇಳಿಯುವುದು ಹಣೆಗೆ ತಿಳಿಯುತ್ತದೆ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಹೇಳಲಾರೆ, ನನ್ನ ಉಸಿರೂ ಅದರ ಜೊತೆಗೆ ಇಳಿಯತೊಡಗಿದ್ದು ಮಾತ್ರ ನೆನಪಿದೆ. ಕೌಲಿ ಅಂದು ಸೊರೆ ಬಿಟ್ಟಿತು. ತಂಬಿಗೆಯ ತಳಕ್ಕೆ ಹಾಲಿನ ಧಾರೆ ಬಡಿದ ಸದ್ದು ಒಳಗೆ ಕೇಳಿಸಿತೆಂದು ಅಮ್ಮ ಅನಂತರ ಹೇಳಿದರು.

ಇದರಲ್ಲಿ ಪವಾಡವೇನೂ ಇಲ್ಲವೆಂದು ಪಶುವೈದ್ಯರನ್ನು ಕೇಳಿ ತಿಳಿದುಕೊಂಡೆ. ಕರುವಿನ ಬಾಯಿಯೋ ಮನುಷ್ಯನ ಕೈಯೋ ಕೆಚ್ಚಲಿಗೆ ತಾಗಿದಾಗ ನರಗಳು ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಕೆಚ್ಚಲಿಗೆ ಬಂದು, ಹಾಲಿನ ಸಣ್ಣ ಸಣ್ಣ ಗೂಡುಗಳ ಸುತ್ತಲಿನ ಜೀವಕೋಶಗಳನ್ನು ಹಿಂಡುತ್ತದೆ. ಸೊರೆ ಬಿಡುವುದೆಂದರೆ ಇದೇ. ಅದರ ಪರಿಣಾಮ ಇರುವುದು ಕೆಲವೇ ನಿಮಿಷ. ಹಸು ಬೆದರಿದರೆ, ನೊಂದರೆ, ಗಲಿಬಿಲಿಗೊಂಡರೆ ಅಡ್ರಿನಲಿನ್ ಹೊರಟು ಈ ಕೆಲಸವನ್ನು ತಡೆಯುತ್ತದೆ. ಅಂದರೆ ಕೆಚ್ಚಲಲ್ಲಿ ಹಾಲಿರುವುದು ಬೇರೆ, ಹಾಲು ಇಳಿಯುವುದು ಬೇರೆ. ಇಳಿಯುವುದಕ್ಕೆ ಕರೆಯುವವನ ಸಮಾಧಾನವೂ ಬೇಕು. ಸಮಾಧಾನಕ್ಕೆ ಪುರುಸೊತ್ತಿಲ್ಲದವರು ಇದೇ ಹಾರ್ಮೋನನ್ನು ಸೂಜಿಯಿಂದ ಚುಚ್ಚಿ ಹಾಲಿಳಿಸುವ ಕ್ರಮವೊಂದು ದೇಶದಲ್ಲಿ ನಡೆದುಬಂದಿದೆ. ಹೆಚ್ಚು ಹಾಲಿಗಾಗಿ ಕರೆಯುವ ಪಶುವಿನ ಆರೋಗ್ಯಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಂ ಅಪರಾಧವೆಂದು ಹೇಳುತ್ತದೆ. ಹಸುವಿನ ಎದುರು ಎರಡು ನಿಮಿಷ ತಣ್ಣಗೆ ಕೂರಲಾರದ ಅವಸರವೇ ಆ ಸೂಜಿಯ ರೂಪ ತಾಳಿದೆಯೆಂದು ನಾನು ತಿಳಿಯುತ್ತೇನೆ.

ಆ ದಿನದಿಂದ ಇಂದಿನವರೆಗೆ ಬೆಳಿಗ್ಗೆ ಐದೂವರೆಗೆ ನಾನು ಕೊಟ್ಟಿಗೆಗೆ ಹೋಗುತ್ತೇನೆ. ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನೂ ತಪ್ಪದೆ ನುಂಗುತ್ತೇನೆ. ಹಸು ಸಾಕಿದರೆ ಮಾತ್ರೆ ಬೇಡವೆಂದು ಯಾರಾದರೂ ಹೇಳಿದರೆ ಅದನ್ನು ನಂಬಬಾರದು. ಆದರೆ ಮಾತ್ರೆ ಮಾಡದ ಒಂದು ಕೆಲಸವನ್ನು ಕೊಟ್ಟಿಗೆ ಮಾಡಿದೆ. ನನ್ನ ಕೈ ಎಲ್ಲಿದೆಯೋ ಮನಸ್ಸೂ ಅಲ್ಲಿಯೇ ಇರಬೇಕೆಂಬುದನ್ನು ಅದು ದಿನಕ್ಕೆರಡು ಸಲ ನನ್ನಿಂದ ವಸೂಲು ಮಾಡುತ್ತದೆ.

ಮೆಲುಕು ಹಾಕುವುದರ ಕುರಿತೂ ಒಂದು ಮಾತು ಹೇಳಬೇಕು. ಆರೋಗ್ಯವಾಗಿರುವ ಹಸು ದಿನದಲ್ಲಿ ಸುಮಾರು ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಹೆದರಿದಾಗಲೂ ಕಾಯಿಲೆ ಬಿದ್ದಾಗಲೂ ಅದು ಮೊದಲು ನಿಲ್ಲಿಸುವುದು ಇದನ್ನೇ, ಆದ್ದರಿಂದಲೇ ದನದ ಡಾಕ್ಟರು ಮನೆಗೆ ಬಂದೊಡನೆ “ಮೆಲುಕು ಹಾಕುತ್ತಿದೆಯೇ?” ಎಂದು ಕೇಳುತ್ತಾರೆ. ಇಂಗ್ಲಿಷಿನಲ್ಲಿ ದನದ ಈ ಕ್ರಿಯೆಗೂ, ಮನುಷ್ಯನು ಹಳೆಯ ನೋವು, ಅವಮಾನ, ಚಿಂತೆಗಳನ್ನು ಮತ್ತೆ ಮತ್ತೆ ಕೆದಕಿಕೊಂಡು ಕೊರಗುವುದಕ್ಕೂ ‘ರೂಮಿನೇಷನ್’ ಎಂಬ ಒಂದೇ ಪದವಿದೆ. ಕನ್ನಡದಲ್ಲಿ ಹಾಗಲ್ಲ. ನಾವು ನೆನಪುಗಳನ್ನು ಮೆಲುಕು ಹಾಕುತ್ತೇವೆ ಎನ್ನುವಾಗ ಸವಿದು ಉಣ್ಣುವ ಅರ್ಥವೇ ಮುಂದಿರುತ್ತದೆ, ಕೊರಗುವುದಕ್ಕೆ ನಮ್ಮಲ್ಲಿ ಬೇರೆ ಮಾತುಗಳಿವೆ. ದನದ ಹತ್ತಿರ ಬಾಳಿದ ಜನರ ಭಾಷೆ ದನವನ್ನು ಸರಿಯಾಗಿಯೇ ನೋಡಿದೆಯೆಂದು ನನ್ನ ಭಾವನೆ. ಹಸು ನುಂಗಿದ್ದನ್ನು ಮೇಲಕ್ಕೆ ತರುವುದು ನಿಜ. ಆದರೆ ಅದನ್ನು ಅಗಿದು ನುಣ್ಣಗಾಗಿಸಿ ಹೊಟ್ಟೆಯ ಮುಂದಿನ ಕೋಣೆಗೆ ದಾಟಿಸಿಬಿಡುತ್ತದೆ. ನಾವು ಅಗಿಯುವ ಚಿಂತೆಯು ಎಷ್ಟು ಅಗಿದರೂ ನುಣ್ಣಗಾಗದೆ ಇದ್ದಲ್ಲಿಗೇ ಮರಳುತ್ತದೆ. ನಾನು ಕಾರವಾರದಲ್ಲಿದ್ದಾಗ ನನ್ನ ತಪ್ಪಿಲ್ಲದೆ ಒಂದು ಲೆಕ್ಕದ ವ್ಯತ್ಯಾಸಕ್ಕೆ ಕೇಳಬೇಕಾಗಿ ಬಂದ ಮಾತೊಂದನ್ನು ಹನ್ನೊಂದು ವರ್ಷ ಹಾಗೆ ಅಗಿದಿದ್ದೇನೆ. ಸಂಜೆಯ ಹೊತ್ತು ಅಂಗಳದಲ್ಲಿ ಕುಳಿತು, ಅರೆಗಣ್ಣು ಮುಚ್ಚಿ ಮಲಗಿದ ಕೌಲಿಯ ದವಡೆ ಒಂದೇ ಲಯದಲ್ಲಿ ಆಡುವುದನ್ನು ನೋಡುತ್ತಿದ್ದಾಗ, ಆ ಮಾತು ನನ್ನ ನೆನಪಿಗೆ ಬಾರದೆ ಎಷ್ಟೋ ವಾರಗಳೇ ಆದವೆಂಬುದು ಒಂದು ದಿನ ಹೊಳೆಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2,250 ಮಂದಿ ವಯಸ್ಕರನ್ನು ಅವರ ಫೋನಿನ ಮೂಲಕವೇ ಹೊತ್ತಲ್ಲದ ಹೊತ್ತಿನಲ್ಲಿ ವಿಚಾರಿಸಿ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಚ್ಚರವಿರುವ ಹೊತ್ತಿನ ಸುಮಾರು ಶೇ 47ರಷ್ಟು ಕಾಲ ಮನುಷ್ಯನ ಮನಸ್ಸು ಕೈಯಲ್ಲಿರುವ ಕೆಲಸದಲ್ಲಿ ಇರುವುದಿಲ್ಲ. ಹಾಗೆ ಅಲೆಯುವಾಗ ಅದು ಹೆಚ್ಚು ಸುಖವಾಗಿಯೂ ಇರುವುದಿಲ್ಲ. ಹಸು ಕರೆಯುವವನಿಗೆ ಅಷ್ಟು ಅಲೆಯಲು ಹಸುವೇ ಬಿಡುವುದಿಲ್ಲ.

ಅವಧೂತನು ತನ್ನ 24 ಗುರುಗಳನ್ನು ಎಣಿಸುವ ಪುರಾಣದ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಆ ಎಣಿಕೆಯಲ್ಲಿ ಹೆಬ್ಬಾವು, ಜಿಂಕೆ, ಆನೆ, ಮೀನು, ಜೇನು, ಪಾರಿವಾಳಗಳು ಬರುತ್ತವೆ. ರಾಜನ ಮೆರವಣಿಗೆ ಪಕ್ಕದಲ್ಲೇ ಹೋದರೂ ತಲೆಯೆತ್ತದೆ ಬಾಣ ಮಾಡುತ್ತಿದ್ದ ಕಮ್ಮಾರನೂ ಬರುತ್ತಾನೆ. ಮನೆಯ ದನ, ನಾಯಿ, ಬೆಕ್ಕುಗಳು ಬರುವುದಿಲ್ಲ. ಇದು ಏಕೆಂದು ಬಹಳ ದಿನ ಯೋಚಿಸಿದ್ದೇನೆ. ಅವಧೂತನು ಮನೆಯಿಲ್ಲದವನು, ಅವನು ದಾರಿಯಲ್ಲಿ ನೋಡಿ ಕಲಿತ. ಸಾಕಿದ ಪ್ರಾಣಿ ಕಲಿಸುವುದು ನೋಡಿದವನಿಗಲ್ಲ, ಅದರ ಚಾಕರಿ ಮಾಡಿದವನಿಗೆ. ಸಗಣಿ ಬಾಚದೆ, ಸೊಪ್ಪು ಹಾಸದೆ, ಮಳೆಗಾಲದ ನಡುರಾತ್ರಿ ಕರು ಹಾಕುವ ಹಸುವಿನ ಪಕ್ಕದಲ್ಲಿ ಲಾಟೀನು ಹಿಡಿದು ನಿಲ್ಲದೆ ಆ ಪಾಠ ದೊರಕುವುದಿಲ್ಲ.

ನಾಯಿಯ ವಿಷಯಕ್ಕೆ ಬಂದರೆ, ನಮ್ಮ ಕಡೆ ನಾಯಿ ಸಾಕುವುದೆಂದರೆ ಚಿರತೆಯ ಬಾಯಿಂದ ಅದನ್ನು ಉಳಿಸಿಕೊಳ್ಳುವುದೂ ಹೌದು. ನಮ್ಮ ಕರಿಯನನ್ನು ಕತ್ತಲಾದ ಮೇಲೆ ಹೊರಗೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಒಂದು ರಾತ್ರಿ ಚಿರತೆ ಅಂಗಳದವರೆಗೂ ಬಂದಿತ್ತು. ಒಳಗೆ ಮಂಚದ ಕೆಳಗೆ ಸೇರಿದ ಕರಿಯ ಮೈಯೆಲ್ಲ ನಡುಗುತ್ತಿದ್ದದ್ದು ಮಂಚದ ಮೇಲಿದ್ದ ನನಗೆ ತಿಳಿಯುತ್ತಿತ್ತು. ಬೆಳಗಾಯಿತು. ಬಾಗಿಲು ತೆರೆದೆ. ಅದು ಹೊರಗೆ ಬಂದು ಅಂಗಳವನ್ನೆಲ್ಲ ಮೂಸಿ, ಹೆಜ್ಜೆಯ ಗುರುತಿದ್ದಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಮೂಗಿನಿಂದ ಬಾಲದ ತುದಿಯವರೆಗೆ ಒಮ್ಮೆ ಮೈ ಕೊಡವಿ, ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಮಲಗಿ ನಿದ್ರೆ ಹೋಯಿತು. ಬಿಗುವು ಕಳೆದ ಮೇಲೆ ನಾಯಿಗಳು ಹೀಗೆ ಮೈ ಕೊಡವುವುದನ್ನು ಅವುಗಳ ನಡತೆಯನ್ನು ಬಲ್ಲವರೂ ಗುರುತಿಸಿದ್ದಾರೆ. ನಾವು ಮನೆಮಂದಿ ಆ ಚಿರತೆಯ ಮಾತನ್ನು ಹದಿನೈದು ದಿನ ಆಡಿದೆವು. ಕರಿಯ ಚಿರತೆಯನ್ನು ಮರೆತಿತೆಂದು ನಾನು ಹೇಳುತ್ತಿಲ್ಲ. ಇಂದಿಗೂ ಕತ್ತಲಾದರೆ ಅದು ತಾನಾಗಿ ಒಳಗೆ ಬರುತ್ತದೆ. ಎಚ್ಚರವನ್ನು ಉಳಿಸಿಕೊಂಡು ನಡುಕವನ್ನು ಮಾತ್ರ ಕೊಡವಿಬಿಟ್ಟಿತು ಎಂದು ಹೇಳುತ್ತಿದ್ದೇನೆ.

ಬೆಕ್ಕಿನ ತಾಳ್ಮೆಯನ್ನು ನಾನು ಕಂಡದ್ದು ಕಾರವಾರದ ಬೈತಖೋಲ ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬಂದರು ಭಣಗುಟ್ಟುತ್ತದೆ. ಆಗಲೂ ಬಲೆಯ ರಾಶಿಯ ಮೇಲೆ ಮುದುಡಿ ಕುಳಿತ ಬೆಕ್ಕುಗಳ ಮುಖದಲ್ಲಿ ಯಾವ ತಕರಾರೂ ಕಾಣುತ್ತಿರಲಿಲ್ಲ. ಬೆಕ್ಕನ್ನು ಒಲಿಸಿಕೊಳ್ಳುವ ಬಗೆಯೂ ಹಸುವಿನದರಂತೆಯೇ. ಹಿಡಿಯಲು ಹೋದರೆ ತಪ್ಪಿಸಿಕೊಳ್ಳುತ್ತದೆ, ಸುಮ್ಮನೆ ಕುಳಿತರೆ ತೊಡೆಯೇರುತ್ತದೆ. ಬೆಕ್ಕಿನತ್ತ ನೋಡಿ ನಿಧಾನವಾಗಿ ಕಣ್ಣು ಕಿರಿದಾಗಿಸಿ ಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡುವ ಸಂಭವ ಹೆಚ್ಚೆಂದೂ, ಹಾಗೆ ಮಾಡಿದ ಅಪರಿಚಿತರ ಬಳಿಗೂ ಅದು ಬರಲು ಒಪ್ಪುತ್ತದೆಂದೂ ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿಕೊಟ್ಟಿದ್ದಾರೆ. ಓದುಗರು ಮನೆಯಲ್ಲೇ ಮಾಡಿ ನೋಡಬಹುದು.

ಸಾಕುಪ್ರಾಣಿಗಳ ಒಡನಾಟದಿಂದ ಮನಸ್ಸಿನ ಬಿಗುವು ಸಡಿಲುತ್ತದೆಂಬುದಕ್ಕೆ ಆಧಾರಗಳಿವೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳೊಡನೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತೇ ನಿಮಿಷ ನಾಯಿ, ಬೆಕ್ಕುಗಳ ಮೈದಡವಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕಡಿಮೆಯಾದದ್ದು ಕಂಡುಬಂತು. ನಾಯಿಯೂ ಅದರ ಒಡೆಯನೂ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆಂದು ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ವರದಿ ಮಾಡಿದರು. ಕೌಲಿಯ ಕೆಚ್ಚಲಲ್ಲಿ ಹಾಲಿಳಿಸುವ ಹಾರ್ಮೋನೇ ಇಲ್ಲಿಯೂ ಇರುವುದನ್ನು ಓದಿದಾಗ ನನಗಾದ ಸಂತೋಷವನ್ನು ಇಲ್ಲಿ ಹೇಳದಿರಲಾರೆ.

ಆದರೆ ಇದೇ ಸುದ್ದಿಯ ಇನ್ನೊಂದು ಮಗ್ಗುಲನ್ನು ಪತ್ರಿಕೆಗಳು ಹೆಚ್ಚು ಬರೆಯುವುದಿಲ್ಲ. ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಲ್ಲಿರುವ ಕಾರ್ಟಿಸಾಲನ್ನು ಅಳೆದು, ಒಡತಿಯ ಒತ್ತಡ ಹೆಚ್ಚಿದಲ್ಲಿ ನಾಯಿಯದೂ ಹೆಚ್ಚಿರುವುದನ್ನು 2019ರಲ್ಲಿ ತೋರಿಸಿದರು. ನಮ್ಮ ತಳಮಳ ಅವುಗಳ ಮೈಗೂ ಇಳಿಯುತ್ತದೆ ಎಂದಾಯಿತು. ನನಗೆ ನೆಮ್ಮದಿ ಬೇಕು, ಅದಕ್ಕಾಗಿ ಒಂದು ನಾಯಿ ತರುತ್ತೇನೆ ಎಂದು ಹೊರಡುವವರು ಇದನ್ನು ಮೊದಲು ತಿಳಿಯಬೇಕು. ಈಚೆಗೆ ನಮ್ಮ ಪೇಟೆಗಳಲ್ಲಿ ಹಿಮದ ನಾಡಿನ ಹಸ್ಕಿ ನಾಯಿಮರಿಗಳನ್ನೂ ಸಾಕುತ್ತಾರೆ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆ ದಪ್ಪ ತುಪ್ಪಳದ ನಾಯಿ ಟೈಲ್ಸಿನ ನೆಲಕ್ಕೆ ಹೊಟ್ಟೆಯಂಟಿಸಿ ಏದುಸಿರು ಬಿಡುವುದನ್ನು ಕಂಡಿದ್ದೇನೆ; ಅದನ್ನು ಇಟ್ಟುಕೊಂಡವರೇ ಅದು ಮನಸ್ಸಿಗೆ ಹಿತವೆಂದು ಹೇಳುವುದನ್ನೂ ಕೇಳಿದ್ದೇನೆ. ಮರಿ ದೊಡ್ಡದಾಗಿ ಖರ್ಚು ಹೆಚ್ಚಿದೊಡನೆ ಘಟ್ಟದ ರಸ್ತೆಯ ತಿರುವಿನಲ್ಲಿ ಬಿಟ್ಟುಬರುವವರೂ ಇದ್ದಾರೆ. ಹಾಗೆ ಬಿಟ್ಟ ಒಂದು ನಾಯಿ ನಮ್ಮೂರ ಬಸ್ ನಿಲ್ದಾಣದಲ್ಲಿ ಪ್ರತಿಯೊಂದು ಬಿಳಿ ಕಾರಿನ ಹಿಂದೆಯೂ ಓಡುತ್ತಿತ್ತು. ಕೆಲವು ತಿಂಗಳ ಮೇಲೆ ಓಡುವುದನ್ನು ನಿಲ್ಲಿಸಿತು. ಕೆಲವು ತಿಂಗಳ ಮೇಲೆ ಅದೇ ಇಲ್ಲವಾಯಿತು. ಪ್ರಾಣಿಯನ್ನು ತನ್ನ ಸಮಾಧಾನದ ಸಾಧನವೆಂದು ತಂದವನಿಗೂ, ಅದರ ಚಾಕರಿಗೆ ತನ್ನನ್ನು ಒಪ್ಪಿಸಿಕೊಂಡವನಿಗೂ ಇರುವ ಅಂತರವನ್ನು ಇದಕ್ಕಿಂತ ಬೇರೆಯಾಗಿ ವಿವರಿಸಲು ನನಗೆ ಬಾರದು.

ಇನ್ನೊಂದು ಕಳವಳವೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಕ್ಕಳೆಲ್ಲ ಬೆಂಗಳೂರು, ಪುಣೆಗಳನ್ನು ಸೇರಿ, ಎಂಟು ಅಂಕಣದ ಮನೆಗಳಲ್ಲಿ ಎಪ್ಪತ್ತು ದಾಟಿದ ಇಬ್ಬರೋ ಒಬ್ಬರೋ ಉಳಿದಿದ್ದಾರೆ. ಚಾಕರಿ ಸಾಗದೆ, ಹುಲ್ಲು, ಹಿಂಡಿಯ ದರ ತಾಳದೆ ಒಂದೊಂದೇ ಮನೆಯ ಕೊಟ್ಟಿಗೆ ಬರಿದಾಗುತ್ತಿದೆ. ದನ ಕೊಟ್ಟ ಮನೆಯ ಹಿರಿಯರು ಬೆಳಿಗ್ಗೆ ಏಳುವುದಕ್ಕೆ ಕಾರಣವಿಲ್ಲವೆಂದು ನನ್ನೊಡನೆ ಹೇಳಿಕೊಂಡಿದ್ದಾರೆ. “ದನ ಇದ್ದಾಗ ಮೈ ನೋಯ್ತಿತ್ತು, ಈಗ ಹೊತ್ತೇ ಹೋಗ್ತಿಲ್ಲೆ” ಎಂದ ನೆರೆಮನೆಯ ಅಜ್ಜಿಯ ಮಾತು ನನ್ನನ್ನು ಬಿಟ್ಟಿಲ್ಲ. ಹಿರಿಯರ ಒಂಟಿತನದ ಬಗ್ಗೆ ಸಭೆಗಳಲ್ಲಿ ಮಾತನಾಡುವ ಸಂಘಸಂಸ್ಥೆಗಳು ಒಂದು ಗಿಡ್ಡ ಹಸುವನ್ನಾದರೂ ಅವರು ಉಳಿಸಿಕೊಳ್ಳುವಂತೆ ಮಾಡಲು ಯೋಚಿಸಬೇಕು: ಮೂರು ನಾಲ್ಕು ಮನೆಗೆ ಸೇರಿ ಹುಲ್ಲು ತರಿಸುವುದು, ಸಗಣಿ ಎತ್ತಲು ವಾರಕ್ಕೆ ಎರಡು ದಿನ ಆಳಿನ ವ್ಯವಸ್ಥೆ, ಕಾಯಿಲೆಯಾದಾಗ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿಯ ವಾಹನ ಬರುತ್ತದೆಂಬ ತಿಳಿವಳಿಕೆ, ಆ ವಾಹನವು ಒಳದಾರಿಯ ಹಳ್ಳಿಗಳಿಗೂ ತಡವಿಲ್ಲದೆ ಮುಟ್ಟುವಂತೆ ಪಶುಪಾಲನಾ ಇಲಾಖೆಯ ಗಮನ. ಇವು ಆಗದ ಕೆಲಸಗಳಲ್ಲ.

ಬರುವ ಡಿಸೆಂಬರ್ 21ರಂದು ಧ್ಯಾನ ಶಿಬಿರ ನಡೆಸುವ ಶಾಲೆಗಳವರಲ್ಲೂ ಸಂಘಟಕರಲ್ಲೂ ನನ್ನದೊಂದು ವಿನಂತಿಯಿದೆ. ಆ ಬೆಳಿಗ್ಗೆ ಹತ್ತು ಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸಿಕೊಟ್ಟರೆ ಕರು ಬಿಡುವುದರಿಂದ ಹಿಡಿದು ಸೊಪ್ಪು ಹಾಸುವವರೆಗಿನ ಚಾಕರಿಯನ್ನು ಅವರ ಕೈಯಿಂದಲೇ ಮಾಡಿಸಲು ನಾನು ಸಿದ್ಧನಿದ್ದೇನೆ. ಒಂದೇ ಸಲಕ್ಕೆ ಹತ್ತು ಮಂದಿ ಒಳಗೆ ನುಗ್ಗಿದರೆ ಕೌಲಿ ಬೆದರುವುದರಿಂದ ಒಬ್ಬೊಬ್ಬರಾಗಿಯೇ ಬರಬೇಕಾಗುತ್ತದೆ. ಉಳಿದವರು ಜಗಲಿಯಲ್ಲಿ ಕಾಯಬೇಕು. ಬೆಳಿಗ್ಗೆ ಐದೂವರೆಗೆ ಬರಬೇಕು, ಚಳಿ ಇರುತ್ತದೆ, ಕಂಬಳಿ ತರಲಿ. ಅಮ್ಮ ಈಗ ಗೋಡೆ ಹಿಡಿದು ಬಾಗಿಲವರೆಗೆ ನಡೆದು ಬರುತ್ತಾರೆ. ಮಕ್ಕಳ ಕೈ ಸರಿಯಾಗಿದೆಯೋ ಇಲ್ಲವೋ ಎಂದು ತಂಬಿಗೆಯ ಸದ್ದು ಕೇಳಿ ಅವರೇ ಹೇಳುತ್ತಾರೆ.

ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ